ಡ್ಯೂಟಿ ಮುಗಿಸಿ ಮನೆಗೆ ಬರುವ ಸೋಂಕು

2023ರ ಜುಲೈನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ಅದರ ಬಗ್ಗೆ ನನ್ನದೊಂದು ತಕರಾರಿದೆ.

ಕೇಸು ಹಾಕಿದ್ದು ಮರಗೆಲಸದ ಕಂಪನಿಯೊಂದರ ಒಬ್ಬ ಕೆಲಸಗಾರ ಮತ್ತು ಅವರ ಹೆಂಡತಿ. ವೈರಸ್ಸಿನ ಸಂಪರ್ಕಕ್ಕೆ ಬಂದಿದ್ದ ಕೆಲಸಗಾರರನ್ನ ಕಂಪನಿ ಬೇರೆ ಸೈಟಿನಿಂದ ಇವರಿದ್ದ ಕಡೆಗೆ ಕಳಿಸಿತು, ಇವರಿಗೆ ಕೊರೊನಾ ಬಂತು, ಇವರಿಂದ ಹೆಂಡತಿಗೆ ಬಂದು ಅವರು ಆಸ್ಪತ್ರೆ ಸೇರುವ ಹಾಗಾಯ್ತು ಅನ್ನೋದು ದೂರು. ಹೀಗಾಗಬಹುದು ಅಂತ ಮೊದಲೇ ಊಹಿಸಬಹುದಿತ್ತು ಅನ್ನೋದನ್ನ ಕೋರ್ಟು ಒಪ್ಪಿತು. ಆದರೂ ನೌಕರರ ಮನೆಯವರಿಗೆ ಕೊರೊನಾ ಹರಡದಂತೆ ನೋಡಿಕೊಳ್ಳುವ ಕಾನೂನಿನ ಹೊಣೆ ಮಾಲೀಕರಿಗಿಲ್ಲ ಅಂದಿತು. ಇದ್ದರೆ ಭಾರ ವಿಪರೀತವಾಗುತ್ತಂತೆ. ತಮಾಷೆ ನೋಡಿ, ಕೆಲಸದ ಬಟ್ಟೆಗೆ ಅಂಟಿ ಮನೆಗೆ ಬರುವ, ಕ್ಯಾನ್ಸರ್ ತರುವ ಆಸ್ಬೆಸ್ಟಾಸ್ ಧೂಳಿನ ವಿಷಯದಲ್ಲಿ ಹೊಣೆ ಇದೆ ಅಂತ 2016ರಲ್ಲಿ ಹೇಳಿದ್ದೂ ಇದೇ ಕೋರ್ಟು.

ಕೋರ್ಟಿನ ಕಷ್ಟ ನನಗೆ ಅರ್ಥವಾಗುತ್ತೆ. ಊರೆಲ್ಲಾ ಹಬ್ಬಿದ ವೈರಸ್ ಒಬ್ಬರಿಗೆ ಎಲ್ಲಿಂದ ಅಂಟಿತು ಅಂತ ಸಾಬೀತು ಮಾಡೋದು ಸುಲಭವಲ್ಲ. ಆದರೆ ಮಾಲೀಕರು ಹೊರದ ಭಾರವನ್ನ ಮನೆಯವರು ಹೊರುತ್ತಾರೆ, ಅಷ್ಟೇ.

ಅದು ಎಷ್ಟು ಅನ್ನೋದಕ್ಕೆ ಸ್ಕಾಟ್ಲೆಂಡಿನಲ್ಲಿ ಲೆಕ್ಕ ಇದೆ. 2020ರ ಮಾರ್ಚ್‌ನಿಂದ ಜೂನ್‌ವರೆಗೆ ಕೊರೊನಾದಿಂದ ಆಸ್ಪತ್ರೆ ಸೇರಿದ ದುಡಿಯುವ ವಯಸ್ಸಿನವರಲ್ಲಿ ಸುಮಾರು ಶೇ. 17ರಷ್ಟು ಜನ ಆರೋಗ್ಯ ಸಿಬ್ಬಂದಿ ಅಥವಾ ಅವರ ಮನೆಯವರು. ರೋಗಿಗಳನ್ನ ನೇರವಾಗಿ ನೋಡಿಕೊಳ್ಳುವವರ ಮನೆಯವರಿಗೆ, ರೋಗಿಗಳ ಸಂಪರ್ಕವೇ ಇಲ್ಲದ ಸಿಬ್ಬಂದಿಯ ಮನೆಯವರಿಗಿಂತ ಆಸ್ಪತ್ರೆ ಸೇರುವ ಅಪಾಯ ಹೆಚ್ಚುಕಮ್ಮಿ 1.8 ಪಟ್ಟು. ಆ ಮನೆಯವರಿಗೆ ಮಾಸ್ಕೂ ಇಲ್ಲ, ತರಬೇತಿಯೂ ಇಲ್ಲ, ಸಂಬಳವಂತೂ ಕೇಳಲೇಬೇಡಿ.

ಕೊರೊನಾ ಬಿಡಿ, ಕಜ್ಜಿ ತಗೊಳ್ಳಿ. ಸಾಯುವ ಕಾಯಿಲೆ ಅಲ್ಲ, ಅದಕ್ಕೇ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ವೃದ್ಧಾಶ್ರಮದಲ್ಲಿ ಅಜ್ಜ ಅಜ್ಜಿಯರನ್ನ ಎತ್ತಿ ಕೂರಿಸಿ, ಸ್ನಾನ ಮಾಡಿಸುವವರಿಗೆ ಕಜ್ಜಿಯ ಹುಳ ಹತ್ತುತ್ತೆ. ಮೊದಲ ಸಲವಾದರೆ ತುರಿಕೆ ಶುರುವಾಗೋಕೆ 4ರಿಂದ 6 ವಾರ ಹಿಡಿಯುತ್ತೆ. ಅಷ್ಟರಲ್ಲಿ ಅದು ಪಕ್ಕದಲ್ಲಿ ಮಲಗುವ ಮಗುವಿಗೂ ದಾಟಿರುತ್ತೆ. ಆಮೇಲೆ ತುರಿಕೆ ಇರಲಿ ಇಲ್ಲದಿರಲಿ, ಮನೆಯವರೆಲ್ಲಾ ಒಂದೇ ರಾತ್ರಿ ಕತ್ತಿನಿಂದ ಪಾದದವರೆಗೆ, ಬೆರಳ ಸಂದಿ, ಉಗುರಿನ ಬುಡ ಬಿಡದೆ ಮುಲಾಮು ಹಚ್ಚಿಕೊಂಡು ಮಲಗಬೇಕು. ಬೆಳಗ್ಗೆ ಎದ್ದು ಹಾಸಿಗೆ, ಹೊದಿಕೆ, ಟವೆಲು ಎಲ್ಲಾ ಬಿಸಿನೀರಲ್ಲಿ ಒಗೆಯಬೇಕು. ಸಾಮಾನ್ಯವಾಗಿ ವಾರ ಬಿಟ್ಟು ಇನ್ನೊಂದು ಸಲ. ಒಬ್ಬರು ತಪ್ಪಿಸಿಕೊಂಡರೆ ಮತ್ತೆ ಮೊದಲಿಂದ. ಮುಲಾಮಿನ ದುಡ್ಡು ಯಾರದು? ಮಗು ಶಾಲೆಗೆ ಹೋಗದ ದಿನ ರಜೆ ಹಾಕಿ ಜೊತೆಗಿರೋರು ಯಾರು?

ಸೋಂಕು ಮನೆಗೆ ಹೋಗದಂತೆ ತಡೆಯೋದು ಮಾಲೀಕರ ಕೈಲಿ ಆಗದ ಕೆಲಸವೂ ಅಲ್ಲ. ರಕ್ತದಿಂದ ಹರಡುವ ಸೋಂಕುಗಳಿಗಾಗಿ ಅಮೆರಿಕ 1991ರಲ್ಲೇ ಒಂದು ನಿಯಮ ತಂತು. ರಕ್ಷಣೆಗೆಂದು ತೊಡುವ ಬಟ್ಟೆಯನ್ನ ಮಾಲೀಕರೇ ತಮ್ಮ ಖರ್ಚಲ್ಲಿ ಒಗೆಸಬೇಕು, ನೌಕರರು ಮನೆಗೆ ಒಯ್ದು ಒಗೆಯೋ ಹಾಗಿಲ್ಲ. ಆದರೆ ಉಸಿರಿನಲ್ಲಿ ಬರುವ ಸೋಂಕನ್ನ ಒಗೆದು ತೆಗೆಯೋಕಾಗಲ್ಲ. ಅದಕ್ಕೆ ಬೇಕಿರೋದು ಸಂಬಳ ಕಡಿತವಿಲ್ಲದ ರಜೆ. ಜ್ವರ ಬಂದವರು ಬಾಡಿಗೆಗೆ ಹೆದರಿ ಶಿಫ್ಟಿಗೆ ಹೋದರೆ, ಆ ಸಂಜೆ ಪಕ್ಕದ ಯಂತ್ರದವರ ಮನೆಗೂ ಜ್ವರ ಹೋಗುತ್ತೆ.

ನನ್ನ ಕೇಳಿದರೆ, ಕೆಲಸದ ಜಾಗದಲ್ಲಿ ಸೋಂಕು ಹಬ್ಬಿದೆ ಅಂತ ದಾಖಲಾದ ಮೇಲೆ ಮನೆಯವರು ಕೋರ್ಟಿಗೆ ಅಲೆಯುವ ಪ್ರಶ್ನೆಯೇ ಬರಬಾರದು. ಯಾರಿಂದ ಬಂತು ಅನ್ನೋ ವಾದಕ್ಕೆ ಕೂರದೆ, ಅವರ ಪರೀಕ್ಷೆ ಮತ್ತು ಔಷಧಿಯ ಬಿಲ್ಲು ನೌಕರರ ವಿಮೆಯಿಂದಲೇ ಕಟ್ಟಬೇಕು. ಪ್ರೀಮಿಯಂ ಜಾಸ್ತಿಯಾಗುತ್ತೆ ಅಂತ ಮಾಲೀಕರು ಗೊಣಗಬಹುದು. ಗೊಣಗಲಿ. ಪ್ರೀಮಿಯಂ ಇಳಿಸಬೇಕು ಅನ್ನೋ ಆಸೆಗಾದರೂ ಒಂದೆರಡು ಕಿಟಕಿ ತೆಗೆಸ್ತಾರೆ.