ಕಾಲಲ್ಲಿ ಮಾತಾಡುವ ಕಪ್ಪೆ

ಕೇಳುಗರೇ, ನಮಸ್ಕಾರ. ಕಪ್ಪೆ ಅಂದ ಕೂಡಲೇ ನೆನಪಾಗುವುದು ವಟವಟ ಸದ್ದು, ಅಲ್ವಾ? ಇವತ್ತು ನಾನು ಹೇಳಹೊರಟಿರುವ ಕಪ್ಪೆಯೂ ಕೂಗುತ್ತದೆ. ಆದರೆ ಕೂಗಿದಷ್ಟಕ್ಕೆ ಅದರ ಕೆಲಸ ಆಗುವುದಿಲ್ಲ.

ಬೋರ್ನಿಯೊ ದ್ವೀಪದ ನಡುವೆಯೇ ಭೂಮಧ್ಯರೇಖೆ ಹಾದುಹೋಗುತ್ತದೆ. ಅಲ್ಲಿ ಬ್ರೂನೈ ದೇಶದ ಟೆಂಬುರಾಂಗ್ ಕಾಡಿನಲ್ಲಿ ಬಂಡೆಯಿಂದ ಬಂಡೆಗೆ ಧುಮುಕುವ ತೊರೆಗಳಿವೆ. ನೀರಿನ ಅಂಚಿನ ಒದ್ದೆ ಕಲ್ಲಿನ ಮೇಲೆ ಸ್ಟಾರಾಯಿಸ್ ಪಾರ್ವಸ್ ಎಂಬ ಪುಟ್ಟ ಕಪ್ಪೆ ಕೂತಿರುತ್ತದೆ. ಗಂಡು 2 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೆನ್ನು ಕಲ್ಲಿನದೇ ಬಣ್ಣ. ಅಲ್ಲಾಡದಿದ್ದರೆ ಕಣ್ಣಿಗೇ ಬೀಳುವುದಿಲ್ಲ.

ತೊರೆಯ ಮೊರೆತದಲ್ಲಿ ಪಕ್ಕದವರ ಮಾತೂ ಸರಿಯಾಗಿ ಕೇಳದ ಜಾಗ ಅದು. ನೀರಿನ ಸದ್ದಿನಲ್ಲಿ ದಪ್ಪ ದನಿಯೇ ಜಾಸ್ತಿ. ಹಾಗಾಗಿ ಈ ಕಪ್ಪೆ ಅದಕ್ಕಿಂತ ಮೇಲಿನ ಕೀಚಲು ದನಿಯಲ್ಲಿ ಕೂಗುತ್ತದೆ. ಕೂಗುವಾಗ ಉಬ್ಬುವ ಗಂಟಲು ಬೆಳ್ಳಗೆ ಮಿಂಚುತ್ತದೆ. ಪಕ್ಕದ ಗಂಡು ಇತ್ತ ನೋಡಿತೋ, ಇದು ಹಿಂಗಾಲೊಂದನ್ನು ಮೇಲಕ್ಕೆ ಚಾಚಿ, ಬೆರಳು ಬಿಡಿಸಿ, ನಡುವಿನ ಬಿಳಿ ಪೊರೆಯನ್ನು ಬಾವುಟದ ಹಾಗೆ ತೋರಿಸಿ, ಕಾಲನ್ನು ಕಮಾನಿನಂತೆ ಹಿಂದಕ್ಕೆ ಬೀಸಿ ಮತ್ತೆ ಮಡಚಿಕೊಳ್ಳುತ್ತದೆ. ಇದು ನನ್ನ ಕಲ್ಲು, ದೂರ ಇರು ಅಂತ. ಇದೆಲ್ಲ ನಡೆಯುವುದು ಹಗಲಿನಲ್ಲೇ, ಬಾವುಟ ಕಾಣಬೇಕಲ್ಲ!

ಈಗ ನನಗೆ ತುಂಬಾ ಖುಷಿ ಕೊಡುವ ಸಂಗತಿ. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕಪ್ಪೆಯೊಂದಿದೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. 1937ರಲ್ಲಿ ಅದಕ್ಕೆ ಈ ಊರಿನ ಹೆಸರಿಟ್ಟವರು ಸಿ. ಆರ್. ನಾರಾಯಣ ರಾವ್. ನಮ್ಮ ಮಲೆನಾಡಿನ ತೊರೆಗಳ ಈ ಕಪ್ಪೆಯೂ ಥೇಟ್ ಹೀಗೇ ಕಾಲು ಬೀಸುತ್ತದೆ. ಎರಡೂ ಬೇರೆ ಬೇರೆ ಕುಟುಂಬದವು, ಹತ್ತಿರದ ನೆಂಟಸ್ತಿಕೆ ಇಲ್ಲ, ನಡುವೆ ಅಷ್ಟು ದೊಡ್ಡ ಸಮುದ್ರ. ಎರಡಕ್ಕೂ ಇರುವ ಕಷ್ಟ ಮಾತ್ರ ಒಂದೇ, ನೀರಿನ ಗದ್ದಲ. ನಮ್ಮದು ಇನ್ನೂ ಒಂದು ಹೆಜ್ಜೆ ಮುಂದೆ: ತೀರಾ ಹತ್ತಿರ ಬಂದ ಎದುರಾಳಿಯನ್ನು ಅದೇ ಕಾಲಲ್ಲಿ ಒದ್ದೂ ಬಿಡುತ್ತದೆ.

ಮಲೆನಾಡಿನ ಕಡೆ ಹೋದಾಗ ಕಾಡಿನ ತೊರೆಯ ಪಕ್ಕ ಸುಮ್ನೆ ಸ್ವಲ್ಪ ಹೊತ್ತು ಕೂತು, ಒದ್ದೆ ಕಲ್ಲುಗಳನ್ನೇ ನೋಡುತ್ತಿರಿ. ಎಲ್ಲೋ ಒಂದು ಕಡೆ ಪುಟ್ಟ ಕಾಲು ಎದ್ದು ಇಳಿಯಬಹುದು. ನೀರಿಗಿಳಿದು ತುಳಿದಾಡಬೇಡಿ, ಕಲ್ಲು ಮಗುಚಬೇಡಿ. ಹೆಣ್ಣು ಕಪ್ಪೆ ತನ್ನ ಹಿಂಗಾಲಿನಿಂದ ತೊರೆಯ ತಳದಲ್ಲಿ ಗುಂಡಿ ತೋಡಿ, ಮೊಟ್ಟೆಗಳನ್ನು ಅಲ್ಲೇ ಮುಚ್ಚಿಟ್ಟಿರುತ್ತದೆ.