ಸ್ಟಾಕ್ ಒಳಗೇ ಸೇರ್ಕೊಳ್ಳೋ ಬಂದೂಕು: ಎಆರ್-7 ಟೆಸ್ಟ್ ಮಾಡೋದ್ ಹೇಗೆ, ಏನ್ ಬದಲಾಯಿಸ್ಬೋದು, ಏನ್ ಮುಟ್ಬಾರ್ದು

ನಮಸ್ಕಾರ ಎಲ್ರಿಗೂ, ತುಮಕೂರಿಂದ ಮಾತಾಡ್ತಿದೀನಿ. ಇವತ್ತಿನ ವಿಷ್ಯ ಒಂದು ಬಂದೂಕು, ಆದ್ರೆ ಯುದ್ಧ ಮಾಡೋ ಬಂದೂಕಲ್ಲ, ವಿಮಾನ ಬಿದ್ದು ಕಾಡಲ್ಲೋ ಹಿಮದಲ್ಲೋ ಒಬ್ನೇ ಸಿಕ್ಕಾಕೊಂಡ ಪೈಲಟ್ಟು ಯಾರಾದ್ರೂ ಹುಡುಕ್ಕೊಂಡ್ ಬರೋವರ್ಗೂ ಜೀವ ಹಿಡ್ಕೊಂಡಿರ್ಲಿ ಅಂತ ಮಾಡಿದ್ದು. ಇಂಥದ್ದನ್ನ ಸರ್ವೈವಲ್ ರೈಫಲ್ ಅಂತಾರೆ, ಇದರ ಹೆಸ್ರು ಎಆರ್-7. ಬ್ಯಾರಲ್ ಅಂದ್ರೆ ನಳಿಗೆ ಬೇರೆ, ಯಂತ್ರ ಇರೋ ರಿಸೀವರ್ ಬೇರೆ, ಗುಂಡು ತುಂಬೋ ಮ್ಯಾಗಝೀನ್ ಬೇರೆ, ಎಲ್ಲಾ ಬಿಚ್ಚಿ ಅದರದ್ದೇ ಸ್ಟಾಕ್, ಅಂದ್ರೆ ಭುಜಕ್ಕೆ ಒರಗಿಸೋ ಹಿಂಭಾಗ, ಅದರೊಳಗೆ ಜೋಡ್ಸಿ ಹಿಂದೆ ಮುಚ್ಚಳ ಒತ್ತಿದ್ರೆ ಉಳಿಯೋದು ಸುಮಾರು 42 ಸೆಂಟಿಮೀಟರ್ ಉದ್ದದ ಒಂದು ಪ್ಲಾಸ್ಟಿಕ್ ತುಂಡು ಅಷ್ಟೇ. ಜೋಡ್ಸಕ್ಕೆ ಸ್ಪ್ಯಾನರೂ ಬೇಡ, ಸ್ಕ್ರೂ ಡ್ರೈವರೂ ಬೇಡ, ಕೈ ಸಾಕು.

ನಮ್ಮ ಭಾವ ಟೆಕ್ಸಾಸಲ್ಲಿದಾರೆ, ಅಲ್ಲಿ ಇದನ್ನ ಅಂಗಡೀಲೇ ಮಾರ್ತಾರೆ, ಅವ್ರು ಒಂದು ತಗೊಂಡು ಅಲ್ಲಿನ ರೇಂಜಲ್ಲಿ ಹೊಡ್ದು ವಿಡಿಯೋ ಮಾಡಿ ಕಳ್ಸಿದಾರೆ, ನೀವೀಗ ನೋಡ್ತಿರೋ ಕ್ಲಿಪ್ಪೆಲ್ಲಾ ಅವರದ್ದೇ. ಇಲ್ಲಿ ಇಂಥದ್ದನ್ನ ಹಾಗ್ ಹೋಗಿ ಹೀಗ್ ತರಕ್ಕಾಗಲ್ಲ, ಆ ಕಾನೂನಿನ ಮಾತು ಕೊನೇಲಿದೆ, ದಯವಿಟ್ಟು ಅದನ್ನ ಸ್ಕಿಪ್ ಮಾಡ್ಬೇಡಿ.

ಮೊದ್ಲು ಇದು ಎಲ್ಲಿಂದ ಬಂತು ಅಂತ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಅಮೆರಿಕದ ವಾಯುಪಡೆ ಪೈಲಟ್‌ಗಳ ಸೀಟ್ ಕಿಟ್ಟಲ್ಲಿ ಹಿಡಿಯೋ ಅಂಥ ಬಂದೂಕು ಬೇಕು ಅಂತ ಹುಡುಕ್ತಿತ್ತು. 1949ರಲ್ಲಿ ಎಂ4 ಅಂತ ಒಂದು ಬಂತು, ಆಮೇಲೆ ಎಂ6 ಅಂತ ಇನ್ನೊಂದು. ಎಂ6 ನಂಗೆ ತುಂಬಾ ಇಷ್ಟ, ಮೇಲೊಂದು ಕೆಳಗೊಂದು ಎರಡು ಬ್ಯಾರಲ್, ಮೇಲಿಂದ ರೈಫಲ್ ಗುಂಡು, ಕೆಳಗಿಂದ ಚರೆ, ಮಧ್ಯಕ್ಕೆ ಮಡಚ್ಬೋದು. ಟ್ರಿಗರ್ ಜಾಗದಲ್ಲಿ ಒಂದು ಅಗಲದ ಪಟ್ಟಿ, ಯಾಕಂದ್ರೆ ಹಿಮದಲ್ಲಿ ದಪ್ಪ ಗ್ಲೌಸ್ ಹಾಕ್ಕೊಂಡ ಕೈಗೆ ಸಣ್ಣ ಟ್ರಿಗರ್ ಸಿಗಲ್ಲ. ಇದನ್ನ ಡಿಸೈನ್ ಮಾಡ್ದೋರು ಆ ಚಳೀಲಿ ನಡುಗೋ ಮನುಷ್ಯನ ಕೈ ಎಂಗಿರುತ್ತೆ ಅಂತ ಕೂತು ಯೋಚ್ನೆ ಮಾಡಿದಾರಲ್ಲ, ನಂಗದು ದೊಡ್ಡದು ಅನ್ಸುತ್ತೆ.

ಆಮೇಲೆ ಆರ್ಮಲೈಟ್ ಬಂತು. ಫೇರ್‌ಚೈಲ್ಡ್ ಅನ್ನೋ ವಿಮಾನ ಕಂಪ್ನಿಯ ಒಂದು ಸಣ್ಣ ವಿಭಾಗ ಅದು, ವಿಮಾನದೋರೇ ಆದ್ರಿಂದ ಅಲ್ಯೂಮಿನಿಯಮ್ಮು, ಫೈಬರ್ರು, ಫೋಮು ಇವೆಲ್ಲಾ ಅವ್ರಿಗೆ ಕೈಗೆ ಬಂದ ವಿದ್ಯೆ. ಅವರ ಎಆರ್-5ನ ವಾಯುಪಡೆ 1956ರಲ್ಲಿ ಎಂಎ-1 ಅಂತ ಹೆಸ್ರಿಟ್ಟು ಒಪ್ಕೊಳ್ತು, ಆದ್ರೆ ಹಳೇ ಎಂ4, ಎಂ6 ಗೋಡೌನಲ್ಲಿ ಬೇಕಾದಷ್ಟಿದ್ವು, ಹಾಗಾಗಿ ದೊಡ್ಡ ಆರ್ಡರ್ ಬರ್ಲೇ ಇಲ್ಲ. ಸರಿ, ಅದೇ ಐಡಿಯಾನ ಜನಸಾಮಾನ್ಯರಿಗೆ ಮಾರೋಣ ಅಂತ 1959ರಲ್ಲಿ ಎಆರ್-7 ತಂದ್ರು. ಡಿಸೈನ್ ಯೂಜೀನ್ ಸ್ಟೋನರ್ ಅವ್ರದ್ದು, ಮುಂದೆ ಅಮೆರಿಕ ಸೇನೆಯ ಎಂ16 ಆಯ್ತಲ್ಲ ಆ ಎಆರ್-15ರ ಹಿಂದಿದ್ದೋರೂ ಇವರೇ. ಆಮೇಲೆ ಇದು ಕೈ ಬದಲಾಯಿಸ್ತಾ ಚಾರ್ಟರ್ ಆರ್ಮ್ಸ್‌ಗೆ ಹೋಯ್ತು, ಈಗ ಹೆನ್ರಿ ಕಂಪ್ನಿ ಮಾಡುತ್ತೆ. ಭಾವನ ಹತ್ರ ಇರೋದು ಹೆನ್ರಿದು, ಸುಮಾರು 1.6 ಕೆಜಿ.

ಸೋವಿಯತ್ ಕಡೆ ಕತೆ ಇನ್ನೊಂದ್ ಥರ. 1965ರ ಮಾರ್ಚಲ್ಲಿ ಗಗನಯಾತ್ರಿ ಅಲೆಕ್ಸಿ ಲಿಯೊನೊವ್ ಮೊದಲನೇ ಸ್ಪೇಸ್ ವಾಕ್ ಮಾಡಿ ವಾಪಸ್ ಬರ್ಬೇಕಾದ್ರೆ ಇಳಿಯೋ ಜಾಗ ತಪ್ಪಿ ಅವ್ರೂ ಜೊತೆಗಿದ್ದ ಬೆಲ್ಯಾಯೆವ್ ಅವ್ರೂ ಹಿಮ ತುಂಬಿದ ಟೈಗಾ ಕಾಡಲ್ಲಿ ಇಳಿದ್ರು, ಕಾಡಿಂದ ಆಚೆ ಬರೋಷ್ಟರಲ್ಲಿ ಎರಡು ರಾತ್ರಿ ಕಳೀಬೇಕಾಯ್ತು. ತೋಳ, ಕರಡಿ ಇರೋ ಕಾಡು ಅದು. ಆ ಅನುಭವದಿಂದ್ಲೇ ಮುಂದೆ 1986ರಿಂದ ಗಗನಯಾತ್ರಿಗಳ ಕಿಟ್ಟಲ್ಲಿ ಟಿಪಿ-82 ಅಂತ ಮೂರು ನಳಿಗೆ ಬಂದೂಕು ಸೇರ್ತು, ಅದರ ಸ್ಟಾಕ್ ಬಿಚ್ಚಿದ್ರೆ ಅದೇ ಮಚ್ಚು. ನಮ್ಮ ಗುಬ್ಬಿ ತಾಲ್ಲೂಕಲ್ಲಿ 2023ರ ಫೆಬ್ರವರೀಲಿ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟ್ರಿ ಶುರು ಆಯ್ತಲ್ಲ, ಆ ಕಡೆ ಓಡಾಡ್ಬೇಕಾದ್ರೆಲ್ಲಾ ನಂಗೆ ಈ ಸೀಟ್ ಕೆಳಗಿನ ಕಿಟ್ಟಿಂದೇ ಯೋಚ್ನೆ.

(ಸ್ಕ್ರೀನ್ ಮೇಲೆ: ಬಿಡಿ ಭಾಗಗಳು ಟೇಬಲ್ ಮೇಲೆ)

ಈಗ ಜೋಡ್ಸೋದು ನೋಡಿ. ಎಲ್ಲಕ್ಕಿಂತ ಮೊದ್ಲು ಮ್ಯಾಗಝೀನ್ ಆಚೆ, ಗುಂಡನ್ನ ಒಳಗೆ ತಳ್ಳೋ ಲೋಹದ ತುಂಡು, ಅಂದ್ರೆ ಬೋಲ್ಟ್, ಅದನ್ನ ಹಿಂದಕ್ಕೆಳ್ದು ಒಳಗೆ ಗುಂಡಿಲ್ಲ ಅಂತ ಕಣ್ಣಾರೆ ನೋಡ್ಬೇಕು, ಭಾವ ಪ್ರತಿ ಸಲಾನೂ ಬೆರಳು ಹಾಕಿ ಮುಟ್ಟೂ ನೋಡ್ತಾರೆ, ಅದೇ ಸರಿ. ರಿಸೀವರ್ ಸ್ಟಾಕ್‌ಗೆ ಕೂರುತ್ತೆ, ಹಿಡಿ ಒಳಗಿರೋ ಉದ್ದ ಸ್ಕ್ರೂ ತಿರುಗಿಸಿದ್ರೆ ಬಿಗಿ. ಬ್ಯಾರಲ್ಲನ್ನ ಕಚ್ಚು ನೋಡ್ಕೊಂಡು ಮುಂದಿಂದ ತೂರ್ಸಿ ಅದರ ಮೇಲಿರೋ ನಟ್ಟನ್ನ ಕೈಯಲ್ಲಿ ತಿರುಗಿಸ್ತಾ ಬರ್ಬೇಕು, ನಮ್ ಕಡೆ ಬೋರ್‌ವೆಲ್ ಪೈಪಿಗೆ ಕಾಲರ್ ಟೈಟ್ ಮಾಡ್ತಾರಲ್ಲ ಹಂಗೆ. ಕೊನೇಗೆ 8 ಗುಂಡಿನ ಮ್ಯಾಗಝೀನ್. ಅಭ್ಯಾಸ ಆದೋರ್ಗೆ ಒಂದು ನಿಮಿಷನೂ ಬೇಡ.

ಈ ನಟ್ಟು ನೋಡಿ ಇಟ್ಕೊಳಿ, ಇಡೀ ವಿಡಿಯೋ ಇದರ ಮೇಲೇ ನಿಂತಿದೆ. ಗುರಿ ಹಿಡಿಯೋ ಮುಂದಿನ ಸೈಟ್ ಇರೋದು ಬ್ಯಾರಲ್ ತುದೀಲಿ, ಹಿಂದಿನ ಸೈಟ್, ಅಂದ್ರೆ ಸಣ್ಣ ತೂತಿನ ಪಟ್ಟಿ, ಅದಿರೋದು ರಿಸೀವರ್ ಮೇಲೆ. ಎರಡರ ಮಧ್ಯೆ ಈ ನಟ್ಟು. ಅದು ಕೂದಲೆಳೆಯಷ್ಟು ಸಡಿಲ ಆದ್ರೂ ಬ್ಯಾರಲ್ ಒಂದ್ ಕಡೆ ನೋಡುತ್ತೆ, ಹಿಂದಿನ ಸೈಟ್ ಇನ್ನೊಂದ್ ಕಡೆ ನೋಡುತ್ತೆ. ರೂಗರ್ ಕಂಪ್ನಿ 2012ರಲ್ಲಿ 10/22 ಟೇಕ್‌ಡೌನ್ ಅಂತ ತಂತು, ಅದು ತೂಕ ಜಾಸ್ತಿ, 2 ಕೆಜಿ ಮೇಲಿದೆ, ಆದ್ರೆ ಅದರಲ್ಲಿ ಎರಡೂ ಸೈಟ್ ಬ್ಯಾರಲ್ ಮೇಲೇ ಇದಾವೆ, ಬಿಚ್ಚಿ ಹಾಕಿದ್ರೂ ಸೈಟ್‌ಗಳ ನಡುವಿನ ಲೆಕ್ಕ ಕೆಡಲ್ಲ. ಎಆರ್-7ರಲ್ಲಿ ಆ ಸುಖ ಇಲ್ಲ.

ಹಾಗಾಗಿ ಇದನ್ನ ಟೆಸ್ಟ್ ಮಾಡೋ ಕ್ರಮಾನೇ ಬೇರೆ ಆಗ್ಬೇಕು. ಕಾಲೇಜಲ್ಲಿ ಎನ್‌ಸಿಸಿ ಇದ್ದು ಕ್ಯಾಂಪಲ್ಲಿ ಪಾಯಿಂಟ್ ಟೂ ಟೂ ಹೊಡ್ದಿರೋರ್ಗೆ ಗ್ರೂಪಿಂಗ್ ಅಂದ್ರೆ ಗೊತ್ತಿರುತ್ತೆ, 25 ಗಜದಿಂದ 5 ಗುಂಡು, ಎಲ್ಲಾ ಎಷ್ಟು ಹತ್ತಿರ ಬಿದ್ವು ಅನ್ನೋದು ಮುಖ್ಯ, ನಡುವಿನ ಚುಕ್ಕೇಗೇ ಬೀಳ್ಬೇಕು ಅಂತಿಲ್ಲ. ಇಲ್ಲೂ ಅದೇ ಗುಂಡು, .22 ಲಾಂಗ್ ರೈಫಲ್. ಭಾವ ಮೊದ್ಲು ಮರಳಿನ ಚೀಲದ ಮೇಲಿಟ್ಟು 5 ಹೊಡೆದ್ರು. ಎಲ್ರೂ ಇಲ್ಲಿಗೇ ನಿಲ್ಲಿಸ್ತಾರೆ, ಚೆನ್ನಾಗಿದೆ ಅಂತಾರೆ ಮುಗೀತು. ಆದ್ರೆ ಬಿಚ್ಚಿಡೋ ಬಂದೂಕನ್ನ ಬಿಚ್ಚದೆ ಟೆಸ್ಟ್ ಮಾಡಿದ್ರೆ ಏನ್ ಗೊತ್ತಾದಂಗಾಯ್ತು ಹೇಳಿ. ಪೂರ್ತಿ ಬಿಚ್ಚಿ, ಸ್ಟಾಕ್ ಒಳಗೆ ಹಾಕಿ, ಮುಚ್ಚಳ ಮುಚ್ಚಿ, ಮತ್ತೆ ತೆಗ್ದು ಜೋಡ್ಸಿ, ಸೈಟ್ ಮುಟ್ಟದೆ ಇನ್ನೊಂದು ಹಾಳೆಗೆ 5 ಹೊಡೀರಿ ಅಂದೆ. ಎರಡು ಹಾಳೆ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದ್ರೆ ಎರಡನೇ ಗುಂಪು ಎಷ್ಟು ಸರಿದಿದೆ ಅಂತ ಕಾಣುತ್ತಲ್ಲ, ಈ ಬಂದೂಕಿನ ನಿಜವಾದ ಮಾರ್ಕ್ಸ್ ಅದು.

ಆಮೇಲೆ ನಿಲ್ಲಿಸ್ದೆ ಹೊಡೀತಾ ಹೋದ್ರು. ನೋಡ್ತಾ ನೋಡ್ತಾ ಗುಂಪು ಅಗಲ ಆಗಕ್ಕೆ ಶುರುವಾಯ್ತು, ಭಾವ ನಟ್ಟು ಮುಟ್ಟಿ "ಲೋ, ಬಂದಿದೆ ನೋಡೋ ಇದು, ಸಡಿಲ ಆಗೋಗಿದೆ" ಅಂದ್ರು. ಹೊಡ್ದ ಹೊಡೆತಕ್ಕೆ ನಟ್ಟು ಬಿಡುತ್ತೆ, ಇದು ಈ ಡಿಸೈನಲ್ಲಿ ಎಲ್ರಿಗೂ ಆಗೋ ಮಾತು. ಅದಕ್ಕೆ ಮೊದಲನೇ ಕಸ್ಟಮೈಸೇಶನ್ ಏನಪ್ಪಾ ಅಂದ್ರೆ ನಮ್ಮಕ್ಕನ ನೇಲ್ ಪಾಲಿಶು. ನಟ್ಟು ಬಿಗಿ ಇದ್ದಾಗ ನಟ್ಟಿಂದ ರಿಸೀವರ್ ಮೇಲಕ್ಕೆ ಒಂದೇ ಗೆರೆ, ಕೆಂಪು ಬಣ್ಣದ್ದು. ಗೆರೆ ಮುರಿದಂಗೆ ಕಂಡ್ರೆ ನಟ್ಟು ಬಿಟ್ಟಿದೆ ಅಂತ, ಒಂದ್ ಸಲ ಕೈಯಾಡ್ಸಿ ಬಿಗಿ ಮಾಡಿ. ಅಂತರಸನಹಳ್ಳಿ ಕಡೆ ವರ್ಕ್‌ಶಾಪಲ್ಲಿ ಕೆಲ್ಸ ಮಾಡೋರ್ಗೆ ಇದು ದಿನಾ ಮಾಡೋ ಕೆಲ್ಸ, ಮಷೀನಿನ ಬೋಲ್ಟ್ ಮೇಲೆಲ್ಲಾ ಹಿಂಗೇ ಗೆರೆ ಎಳ್ದಿರ್ತಾರೆ. ಖರ್ಚು ಸೊನ್ನೆ, ಲಾಭ ಎಲ್ಲಕ್ಕಿಂತ ಜಾಸ್ತಿ.

ಇನ್ನು ಸೈಟ್ ಸರಿ ಮಾಡೋದು. ಗುಂಡು ಎಡಕ್ಕೆ ಬೀಳ್ತಿದ್ರೆ ಮುಂದಿನ ಸೈಟನ್ನ ಎಡಕ್ಕೇ ಸರಿಸ್ಬೇಕು, ಬಲಕ್ಕಲ್ಲ, ತುಂಬಾ ಜನ ಇಲ್ಲಿ ಉಲ್ಟಾ ಮಾಡ್ತಾರೆ. ಮೇಲೆ ಕೆಳಗೆ ಬೇಕಂದ್ರೆ ಹಿಂದಿನ ಪಟ್ಟಿ ಸ್ಕ್ರೂ ಸಡಿಲಿಸಿ ಏರಿಸ್ಬೇಕು ಇಳಿಸ್ಬೇಕು, ಹಿಂದಿನದ್ದು ಏರಿಸಿದ್ರೆ ಗುಂಡೂ ಮೇಲೆ.

ಜಾಮ್ ಆಗೋ ವಿಷ್ಯ. ಈ ಬಂದೂಕಿಗೆ ಜಾಮ್ ಆಗುತ್ತೆ ಅಂತ ಹಳೇ ಕೆಟ್ಟ ಹೆಸ್ರಿದೆ, ಕಾರಣ ಒಳಗೆ ನೋಡಿದ್ರೆ ಅರ್ಥ ಆಗುತ್ತೆ. ಬೇರೆ ಬಂದೂಕಲ್ಲಿ ಗುಂಡನ್ನ ಬ್ಯಾರಲ್ ಒಳಗೆ ಜಾರ್ಸೋ ಇಳಿಜಾರು ಬಂದೂಕಲ್ಲೇ ಇರುತ್ತೆ, ಇಲ್ಲಿ ಅದು ಮ್ಯಾಗಝೀನಲ್ಲಿದೆ. ತಗಡಿನ ಮ್ಯಾಗಝೀನ್ ಕೆಳಗ್ ಬಿದ್ದು ತುಟಿ, ಅಂದ್ರೆ ಮೇಲಿನ ಅಂಚು, ಸ್ವಲ್ಪ ಬಾಗ್ತು ಅಂದ್ರೆ ಗುಂಡು ಹೋಗೋ ದಾರಿನೇ ಬಾಗ್ದಂಗೆ. ಅದಕ್ಕೆ ಮ್ಯಾಗಝೀನ್‌ಗಳ ಮೇಲೆ 1, 2, 3 ಅಂತ ನಂಬರ್ ಬರೀರಿ, ಯಾವ್ದು ಸಿಕ್ಕಾಕೊಳ್ತು ಅಂತ ಬರ್ದಿಡಿ. ಪದೇ ಪದೇ ಒಂದೇ ನಂಬರ್ ಬಂದ್ರೆ ಬಂದೂಕು ಬಿಚ್ಚಕ್ಕೆ ಹೋಗ್ಬೇಡಿ, ಆ ಮ್ಯಾಗಝೀನ್ ಪಕ್ಕಕ್ಕಿಡಿ. ಗುಂಡಿನ ಆಯ್ಕೇನೂ ಅಷ್ಟೇ, ಇದು ಗುಂಡಿನ ಒದೆತದಿಂದ್ಲೇ ಬೋಲ್ಟ್ ಹಿಂದಕ್ಕೆ ಹೋಗೋ ಸರಳ ಯಂತ್ರ, ಮೆತ್ತಗಿನ ಸಬ್‌ಸಾನಿಕ್, ಅಂದ್ರೆ ಶಬ್ದಕ್ಕಿಂತ ನಿಧಾನ ಹೋಗೋ ಗುಂಡಿಗೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗ್ದೇ ಇರ್ಬೋದು. 40 ಗ್ರೇನ್, ಅಂದ್ರೆ ಸುಮಾರು 2.6 ಗ್ರಾಂ, ದುಂಡು ಮೂತಿಯ ಹೈ ವೆಲಾಸಿಟಿ ಗುಂಡು ಹಾಕಿದಾಗ ಭಾವನ ಬಂದೂಕು ನೀಟಾಗಿ ನಡೀತು.

ಈಗ ಎಲ್ರೂ ಕಾಯ್ತಿರೋ ಭಾಗ, ಏನೇನ್ ಹಾಕ್ಬೋದು. ಭಾವಂಗೆ ಸ್ಕೋಪ್ ಬೇಕಿತ್ತು, ಹೆನ್ರಿ ರಿಸೀವರ್ ಮೇಲೆ ಅದನ್ನ ಕೂರ್ಸೋ ಕಚ್ಚೂ ಇದೆ. "ಹಾಕಿ ಭಾವ, ಆದ್ರೆ ಆಮೇಲೆ ಸ್ಟಾಕ್ ಒಳಗೆ ಹೋಗುತ್ತಾ ನೋಡಿ" ಅಂದೆ. ಹೋಗ್ಲಿಲ್ಲ. ಮುಚ್ಚಳ ಹಾಕಕ್ಕೆ ಪ್ರತಿ ಸಲ ಸ್ಕೋಪ್ ಬಿಚ್ಬೇಕು, ಪ್ರತಿ ಸಲ ಝೀರೋ, ಅಂದ್ರೆ ಗುರಿ ಇಟ್ಟಲ್ಲೇ ಗುಂಡು ಬೀಳುತ್ತಾ ಅಂತ, ಮತ್ತೆ ನೋಡ್ಬೇಕು, ಅದನ್ನಿಡಕ್ಕೆ ಬೇರೆ ಡಬ್ಬ ಬೇಕು. ಮಾರ್ಕೆಟ್ಟಲ್ಲಿ ಇದಕ್ಕೆ ಮಡಚೋ ಸ್ಟಾಕು, ಉದ್ದುದ್ದ ಮ್ಯಾಗಝೀನು, ಬ್ಯಾರಲ್ ಮೇಲೆ ತೂತಿನ ಜಾಕೆಟ್ಟು ಎಲ್ಲಾ ಸಿಗುತ್ತೆ, ನೋಡಕ್ಕೆ ಭಯಂಕರ ಚೆನ್ನಾಗಿರುತ್ತೆ, ಆದ್ರೆ ಒಂದೊಂದು ಹಾಕ್ತಾ ಹೋದಂಗೂ ಈ ಬಂದೂಕಿನ ಒಂದೇ ಒಂದು ಗುಣ ಇದೆಯಲ್ಲ, ತನ್ನೊಳಗೆ ತಾನು ಸೇರ್ಕೊಳ್ಳೋದು, ಅದೇ ಹೋಗ್ಬಿಡುತ್ತೆ. ಸ್ಟಾಕ್ ಒಳಗೆ ಸೇರ್ಕೊಳ್ದೇ ಇರೋ ಎಆರ್-7 ಬರೀ ಒಂದು ಸುಮಾರಾದ .22 ರೈಫಲ್, ಆ ದುಡ್ಡಿಗೆ ಇದಕ್ಕಿಂತ ನಿಖರವಾದ ರೈಫಲ್ ಅಲ್ಲಿ ಬೇಕಾದಷ್ಟು ಸಿಗ್ತವೆ. ಹಾಗಾಗಿ ನನ್ನ ಅಳತೆಗೋಲು ಒಂದೇ: ಹಾಕಿದ್ಮೇಲೆ ಮುಚ್ಚಳ ಮುಚ್ಚುತ್ತಾ? ಮುಚ್ಚಿದ್ರೆ ಇರ್ಲಿ, ಇಲ್ಲಾಂದ್ರೆ ತೆಗೀರಿ.

ಈ ಅಳತೇಲಿ ಪಾಸ್ ಆದದ್ದು ಯಾವ್ದು ಅಂದ್ರೆ, ಸ್ಟಾಕ್ ಹೊರಗಡೆ ಸುತ್ತಿದ ಪ್ಯಾರಾಕಾರ್ಡ್ ಹಗ್ಗ, ಹಿಡಿತಾನೂ ಸಿಗುತ್ತೆ ಬೇಕಾದಾಗ ಬಿಚ್ಚಿ ಬಳಸ್ಕೋಬೋದು, ಮುಚ್ಚಳ ಕಳ್ದೋಗ್ದೆ ಇರಕ್ಕೆ ಸೈಕಲ್ ಟ್ಯೂಬಿಂದ ಕತ್ತರ್ಸಿದ ಅಗಲದ ರಬ್ಬರು, ಮುಂದಿನ ಸೈಟ್‌ಗೆ ಗಾಢ ಬಣ್ಣ, ಒಳಗೆ ಖಾಲಿ ಜಾಗದಲ್ಲಿ ಒಂದು ಚಿಂದಿ ಬಟ್ಟೆ ಸಣ್ಣ ಎಣ್ಣೆ ಶೀಶೆ. ಟ್ರಿಗರ್ ಬಿರುಸಾಗಿದೆ, ನಿಜ, ಅದನ್ನ ಉಜ್ಜಿ ಮೆತ್ತಗೆ ಮಾಡ್ತೀನಿ ಅಂತ ಹೊರಟೋರಿದಾರೆ, ಅದು ಬೇಡ. ಬ್ಯಾಗಲ್ಲಿ ಕುಲುಕಾಡ್ಕೊಂಡು ಓಡಾಡೋ ವಸ್ತು, ಅದರ ಟ್ರಿಗರ್ ಬಿರುಸಾಗಿದ್ರೇನೇ ವಾಸಿ.

ಕೊನೇ ಭಾಗ, ನಮ್ಮೂರಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಗುಂಡು ಹಾರ್ಸೋ ಯಾವ ಬಂದೂಕಿಗಾದ್ರೂ ಲೈಸೆನ್ಸ್ ಬೇಕು, ನಮ್ ಜಿಲ್ಲೇಲಿ ಅದು ಡಿಸಿ ಆಫೀಸಿಂದ ಬರ್ಬೇಕು, ಪೊಲೀಸ್ ವರದಿ ಆದ್ಮೇಲೆ. 2019ರ ತಿದ್ದುಪಡಿ ಆದ್ಮೇಲೆ ಒಬ್ರಿಗೆ ಎರಡಕ್ಕಿಂತ ಹೆಚ್ಚು ಇಟ್ಕೊಳ್ಳಂಗಿಲ್ಲ. ಊರ ಕಡೆ ಬೆಳೆ ಕಾಯಕ್ಕೆ ಲೈಸೆನ್ಸ್ ಬಂದೂಕು ಇರೋರ್ಗೆ ಇದೆಲ್ಲಾ ಗೊತ್ತು, ಎಲೆಕ್ಷನ್ ಬಂತು ಅಂದ್ರೆ ಸ್ಟೇಷನ್ನಿಗೆ ತಗೊಂಡೋಗಿ ಠೇವಣಿ ಇಟ್ಟು ರಸೀದಿ ಇಸ್ಕೊಂಡ್ ಬರ್ತಾರೆ. ಅದೇ ಕಾಯ್ದೆಯ 6ನೇ ಸೆಕ್ಷನ್ ಇದೆ, ಬ್ಯಾರಲ್ ಕುಯ್ದು ಗಿಡ್ಡ ಮಾಡೋದು, ಆಟಿಕೆ ಥರದ್ದನ್ನ ನಿಜವಾದ ಬಂದೂಕು ಮಾಡೋದು, ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಇಲ್ದೆ ಕೈ ಹಾಕಿದ್ರೆ ಅಪರಾಧ. ನಾನೂ ಮನೇಲಿ ಲೇತಲ್ಲಿ ಒಂದು ಮಾಡಿ ನೋಡ್ತೀನಿ ಅನ್ನೋ ಹುಡುಗ್ರಿಗೆ ಹೇಳ್ತಿದೀನಿ, ಬೇಡ್ರಪ್ಪ, ಅದು ಹವ್ಯಾಸ ಅಲ್ಲ, ಜೈಲು.

ಆಸಕ್ತಿ ಇರೋರ್ಗೆ ಇಲ್ಲಿ ದಾರಿ ಏರ್ ರೈಫಲ್. 4.5 ಎಂಎಂ, ಅಂದ್ರೆ .177, ಮೂತಿ ಹತ್ರ 20 ಜೂಲ್ ಒಳಗಿನ ಶಕ್ತಿ ಇರೋದಕ್ಕೆ 2016ರ ನಿಯಮದಲ್ಲಿ ಲೈಸೆನ್ಸ್ ಬೇಡ, ಅಂಗಡೀಲಿ ಗುರುತಿನ ಚೀಟಿ ಕೊಟ್ಟು ಬಿಲ್ ಇಸ್ಕೊಳಿ. ಹೊಡ್ಯೋದು ಹಾಳೆಗೆ ಮಾತ್ರ. ದೇವರಾಯನದುರ್ಗದ ಕಡೆಗೋ ಮಧುಗಿರಿಯ ಮೈದನಹಳ್ಳಿ ಬಯಲಿಗೋ ಅದನ್ನ ತಗೊಂಡೋಗೋ ಯೋಚ್ನೆನೇ ಬೇಡ, ಕೌಜುಗ, ಮೊಲ, ನವಿಲು ಯಾವ್ದನ್ನ ಹೊಡೆದ್ರೂ 1972ರ ವನ್ಯಜೀವಿ ಕಾಯ್ದೆ ಇದೆ, ಕಾಯ್ದೆ ಇರ್ಲಿ ಬಿಡಿ, ಮೈದನಹಳ್ಳೀಲಿ ಕೃಷ್ಣಮೃಗ ಓಡೋದನ್ನ ಒಂದ್ ಸಲ ನೋಡಿದೋರು ಆ ಕಡೆ ಏರ್ ಗನ್ ಕೂಡ ಎತ್ತಲ್ಲ.

ನಾನು ಹೇಳಿದ ಟೆಸ್ಟನ್ನ ಏರ್ ರೈಫಲಲ್ಲೂ ಮಾಡ್ಬೋದು. ಬ್ಯಾರಲ್ ಬಗ್ಗಿಸಿ ಪೆಲೆಟ್ ಹಾಕೋ ಮಾಡೆಲ್ ಆದ್ರೆ ಅಲ್ಲಿ ನಟ್ಟಿನ ಬದ್ಲು ಕೀಲಿದೆ, ಅದೂ ಹಂಗೇ ಸಡಿಲ ಆಗುತ್ತೆ. ಹಿಂದೆ ಮಣ್ಣಿನ ದಿಬ್ಬ ಇರೋ ಜಾಗ ನೋಡ್ಕೊಂಡು, ಆಳು ಕಾಳು ದನ ಕರು ಯಾವ್ದೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, 10 ಮೀಟರಿಂದ 5 ಪೆಲೆಟ್ ಹೊಡೀರಿ, ಕೀಲಿನ ಸ್ಕ್ರೂ ನೋಡಿ, ಸ್ಟಾಕಿನ ಸ್ಕ್ರೂ ನೋಡಿ, ಬಿಗಿ ಮಾಡಿ ಇನ್ನೊಂದ್ 5 ಹೊಡೀರಿ. ಎರಡು ಹಾಳೇನೂ ಒಂದರ ಮೇಲೊಂದ್ ಇಟ್ಟು ನೋಡಿ, ಸ್ಕೋಪ್ ಕೊಳ್ಳೋ ಯೋಚ್ನೆ ಆಮೇಲೆ ಮಾಡಿ.