ಎಂಡ್‌ಗೇಮ್‌ನಿಂದಲೇ ಚೆಸ್ ಶುರು ಮಾಡೋಣ

ಎಲ್ಲರಿಗೂ ನಮಸ್ಕಾರ. ಇಷ್ಟು ಜೋರು ಮಳೆಯಲ್ಲೂ ಸುರತ್ಕಲ್, ಉಳ್ಳಾಲದಿಂದೆಲ್ಲ ಮಕ್ಕಳನ್ನು ಕರೆದುಕೊಂಡು ಮಂಗಳೂರಿನವರೆಗೆ ಬಂದಿದ್ದೀರಿ. ತುಂಬಾ ಖುಷಿಯಾಯಿತು.

ಇಲ್ಲಿರುವ ಹೆಚ್ಚಿನ ಮಕ್ಕಳಿಗೆ ಕಾಯಿ ನಡೆಸಲು ಗೊತ್ತು. ಕೆಲವರಿಗೆ ಓಪನಿಂಗ್‌ನ, ಅಂದರೆ ಆಟದ ಶುರುವಿನ, ಹತ್ತು ನಡೆ ಬಾಯಿಪಾಠವೂ ಇದೆ. ಆದರೆ ಒಂದು ರಾಜ, ಒಂದು ಕಾಲಾಳು ಉಳಿದಾಗ ಏನು ಮಾಡಬೇಕು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ನಾನು ಹೇಳುವುದು ಇಷ್ಟೇ: ಕಲಿಯುವುದನ್ನು ಆ ಕೊನೆಯಿಂದಲೇ, ಅಂದರೆ ಕೆಲವೇ ಕಾಯಿ ಉಳಿಯುವ ಎಂಡ್‌ಗೇಮ್‌ನಿಂದಲೇ, ಶುರು ಮಾಡಿ. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕ್ಯೂಬಾದ ಕ್ಯಾಪಬ್ಲಾಂಕಾ ಕೂಡ ಇದನ್ನೇ ಹೇಳುತ್ತಿದ್ದರು. ಕಾಯಿ ಕಡಿಮೆ ಇದ್ದಾಗ ಒಂದೊಂದು ಕಾಯಿಯ ಶಕ್ತಿ ಎಷ್ಟು ಅಂತ ಸರಿಯಾಗಿ ಕಾಣುತ್ತದೆ.

ನಿಯಮಗಳನ್ನು ಬೇಗ ನೋಡಿಬಿಡೋಣ. ನಿಮ್ಮ ಸರದಿಯಲ್ಲಿ ಆಡುವುದಕ್ಕೆಂದು ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು. ಕ್ಯಾಸ್ಲಿಂಗ್, ಅಂದರೆ ಒಂದೇ ನಡೆಯಲ್ಲಿ ರಾಜನನ್ನೂ ಒಂದು ಆನೆಯನ್ನೂ ಸರಿಸುವುದು, ಮಾಡಬೇಕಾದರೆ ರಾಜನಾಗಲಿ ಆ ಆನೆಯಾಗಲಿ ಮೊದಲು ಕದಲಿರಬಾರದು, ನಡುವೆ ಯಾವ ಕಾಯಿಯೂ ಇರಬಾರದು. ರಾಜ ಚೆಕ್‌ನಲ್ಲಿ, ಅಂದರೆ ಎದುರಿನವರ ಕಾಯಿಯ ದಾಳಿಯಲ್ಲಿ, ಇರಬಾರದು, ಚೆಕ್ ಇರುವ ಮನೆ ದಾಟಬಾರದು, ಅಂಥ ಮನೆಗೆ ಹೋಗಲೂಬಾರದು. ಆನೆಯ ಮೇಲೆ ದಾಳಿ ಇದ್ದರೆ ತೊಂದರೆ ಇಲ್ಲ. ಕಾಲಾಳು ಕೊನೆಯ ಸಾಲು ಮುಟ್ಟಿದರೆ ರಾಣಿ, ಆನೆ, ಒಂಟೆ, ಕುದುರೆ ಯಾವುದು ಬೇಕಾದರೂ ಆಗಬಹುದು. ಬೋರ್ಡ್‌ನಲ್ಲಿ ರಾಣಿ ಇದ್ದರೂ ಇನ್ನೊಂದು ರಾಣಿ ಮಾಡಬಹುದು.

ಡ್ರಾ ಆಗುವ ನಿಯಮಗಳ ಹತ್ತಿರ ಸ್ವಲ್ಪ ನಿಲ್ಲಬೇಕು. ಎಂಡ್‌ಗೇಮ್‌ನ ಅರ್ಧ ಕಥೆ ಅಲ್ಲೇ ಇದೆ. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು. ಕಾಲಾಳು ಕದಲದೆ, ಯಾವ ಕಾಯಿಯೂ ಹೋಗದೆ ಇಬ್ಬರೂ 50 ನಡೆ ಆಡಿದ್ದರೆ ಆಗಲೂ ಕೇಳಬಹುದು. ನಿಮ್ಮ ಗಡಿಯಾರದ ಸಮಯ ಮುಗಿಯಿತು, ಆದರೆ ಎದುರಿನವರ ಹತ್ತಿರ ಬರೀ ರಾಜ ಇದೆ ಅಂದುಕೊಳ್ಳಿ. ನೀವು ಸೋತಿಲ್ಲ, ಅದು ಡ್ರಾ. ಟೂರ್ನಮೆಂಟ್‌ಗಳಲ್ಲಿ ಪುಟ್ಟ ಮಕ್ಕಳು ಇದು ಗೊತ್ತಿಲ್ಲದೆ ಕೈ ಕುಲುಕಿ ಎದ್ದುಬಿಡುತ್ತಾರೆ. ತಂದೆ-ತಾಯಂದಿರು ಇದನ್ನು ದಯವಿಟ್ಟು ಹೇಳಿಕೊಡಿ.

ಇನ್ನು ಸ್ಟೇಲ್‌ಮೇಟ್. ಚೆಕ್ ಇಲ್ಲ, ಆದರೆ ಆಡಲು ಒಂದು ನಡೆಯೂ ಇಲ್ಲ. ಆಟ ಡ್ರಾ. ಮನೆಯ ಹೆಸರಿನಲ್ಲಿ ಅಕ್ಷರ ಅಂದರೆ ಬಿಳಿಯ ಎಡದಿಂದ ಬಲಕ್ಕೆ ಎಣಿಸುವ ನಿಲುವು ಸಾಲು, ಅಂಕಿ ಅಂದರೆ ಬಿಳಿಯ ಕಡೆಯಿಂದ ಎಣಿಸುವ ಅಡ್ಡ ಸಾಲು. ಒಂಟಿ ರಾಜ ಎ8 ಮೂಲೆಯಲ್ಲಿದ್ದಾನೆ. ನಿಮ್ಮ ರಾಣಿ ಬಿ6ಕ್ಕೋ ಸಿ7ಕ್ಕೋ ಹೋಯಿತು. ಗೆದ್ದೇ ಬಿಟ್ಟೆ ಅನಿಸುತ್ತದೆ, ಅಲ್ವಾ? ಅವನಿಗೆ ಹೋಗಲು ಮನೆಯೇ ಇಲ್ಲ, ಚೆಕ್ಕೂ ಇಲ್ಲ. ಮೂಲೆಯ ರಾಜನಿಂದ ಕುದುರೆ ಹಾರುವಷ್ಟು ದೂರದಲ್ಲಿ ರಾಣಿಯನ್ನು ಇಡುವ ಮೊದಲು ಎರಡು ಸಲ ನೋಡಿ.

ಈಗ ಮುಖ್ಯ ವಿಷಯ. ದೊಡ್ಡ ಬೋರ್ಡ್ ನೋಡಿ. ಬಿಳಿ ರಾಜ ಇ5, ಬಿಳಿ ಕಾಲಾಳು ಇ4, ಕಪ್ಪು ರಾಜ ಇ7. ರಾಜರು ಎದುರುಬದುರು, ನಡುವೆ ಒಂದೇ ಮನೆ. ಇದಕ್ಕೆ ಅಪೊಸಿಷನ್ ಅನ್ನುತ್ತಾರೆ. ಇಲ್ಲಿ ಯಾರ ಸರದಿಯೋ ಅವರಿಗೇ ಕಷ್ಟ. ಕಪ್ಪು ಆಡಬೇಕಾದರೆ ದಾರಿ ಬಿಡಲೇಬೇಕು. ಅವನು ಡಿ7ಕ್ಕೆ ಹೋದರೆ ನಾವು ಎಫ್6ಕ್ಕೆ. ಅವನು ಇ8, ನಾವು ಇ6. ಅವನು ಡಿ8, ನಾವು ಎಫ್7. ಈಗ ಇ6, ಇ7, ಇ8 ಮೂರೂ ಮನೆ ನಮ್ಮ ರಾಜನ ಕೈಯಲ್ಲಿವೆ. ಕಾಲಾಳು ನಿಶ್ಚಿಂತೆಯಿಂದ ನಡೆದು ರಾಣಿಯಾಗುತ್ತದೆ. ಅದೇ ಸ್ಥಿತಿಯಲ್ಲಿ ಬಿಳಿಯ ಸರದಿ ಇದ್ದರೆ? ನಾವು ಡಿ5ಕ್ಕೆ ಹೋದರೆ ಅವನು ಡಿ7ಕ್ಕೆ ಬಂದು ಎದುರು ನಿಲ್ಲುತ್ತಾನೆ. ಡ್ರಾ.

ಆದರೆ ಕಾಲಾಳು ಇ4ರ ಬದಲು ಇ3ರಲ್ಲಿ ಇದ್ದಿದ್ದರೆ? ಬಿಳಿಯ ಸರದಿಯಾದರೂ ಭಯವಿಲ್ಲ. ಕಾಲಾಳನ್ನು ಇ4ಕ್ಕೆ ಒಂದು ಮನೆ ದೂಡಿ, ಸರದಿ ಕಪ್ಪಿಗೆ ಹೋಯಿತು. ಆ ಒಂದು ನಡೆ ಕೈಯಲ್ಲಿ ಉಳಿದಿದ್ದರಿಂದ ಗೆಲುವು ಬಂತು. ಮಕ್ಕಳು ಸುಮ್ನೆ ಕಾಲಾಳನ್ನು ಓಡಿಸುತ್ತಾರಲ್ಲ, ಆಗ ಕಳೆದುಹೋಗುವುದು ಈ ನಡೆ. ರಾಜ ಮುಂದೆ ಹೋಗಲಿ, ಕಾಲಾಳು ಹಿಂದಿನಿಂದ ಬರಲಿ.

ಬರೀ ರಾಜನನ್ನು ಇಟ್ಟುಕೊಂಡು ಡ್ರಾ ಮಾಡುವುದೂ ಕಲಿಯಬೇಕು. ಬಿಳಿ ರಾಜ ಡಿ5, ಕಾಲಾಳು ಇ6, ಕಪ್ಪು ರಾಜ ಇ7, ಕಪ್ಪಿನ ಸರದಿ. ಇಲ್ಲಿ ನೇರ ಹಿಂದಕ್ಕೆ, ಇ8ಕ್ಕೆ ಹೋಗಬೇಕು. ಬಿಳಿ ರಾಜ ಡಿ6ಕ್ಕೆ ಬಂದರೆ ಡಿ8, ಆಚೆ ಬದಿಗೆ ಸುತ್ತಿ ಎಫ್6ಕ್ಕೆ ಹೋದರೆ ಎಫ್8. ಡಿ6ಕ್ಕೇ ಬಂದ ಅಂತಿಟ್ಟುಕೊಳ್ಳಿ. ಕಾಲಾಳು ಇ7ಕ್ಕೆ ಬಂದು ಚೆಕ್ ಕೊಟ್ಟರೆ ರಾಜ ಇ8ಕ್ಕೆ. ಈಗ ಕಾಲಾಳನ್ನು ಉಳಿಸಿಕೊಳ್ಳಲು ಬಿಳಿ ರಾಜ ಇ6ಕ್ಕೆ ಬರಲೇಬೇಕು, ಬಂದರೆ ಸ್ಟೇಲ್‌ಮೇಟ್! ಆದರೆ ಶುರುವಿನಲ್ಲೇ ಇ8ರ ಬದಲು ಡಿ8ಕ್ಕೆ ಹೋಗಿದ್ದರೆ ಸೋಲು. ಬಿಳಿ ರಾಜ ಡಿ6ಕ್ಕೆ ಬಂದು ಎದುರು ನಿಲ್ಲುತ್ತಾನೆ, ಆಟ ಮುಗಿಯಿತು. ಒಂದು ಮನೆಯ ವ್ಯತ್ಯಾಸಕ್ಕೆ ಅರ್ಧ ಪಾಯಿಂಟ್.

ಇದೆಲ್ಲ ಚಿಕ್ಕ ಮಕ್ಕಳ ಪಾಠ ಅಂದುಕೊಳ್ಳಬೇಡಿ ಮಾರಾಯ್ರೇ. 2024ರ ಡಿಸೆಂಬರ್ 12, ಸಿಂಗಾಪುರ. ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. ನಮ್ಮ ಭಾರತದ ಗುಕೇಶ್ ಮತ್ತು ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಇಬ್ಬರಿಗೂ ಆರೂವರೆ ಪಾಯಿಂಟ್. ಗುಕೇಶ್ ಕಡೆ ಒಂದು ಕಾಲಾಳು ಜಾಸ್ತಿ ಇತ್ತು, ಆದರೂ ಆಟ ಡ್ರಾ ಕಡೆಗೇ ಹೋಗುತ್ತಿತ್ತು. 55ನೇ ನಡೆಯಲ್ಲಿ ಡಿಂಗ್ ಆನೆಯ ಬದಲು ಆನೆ ಕೊಡಲು ಹೋದರು. ಗುಕೇಶ್ ತೆಗೆದುಕೊಂಡರು. ಮರುನಡೆಯಲ್ಲೇ ತಮ್ಮ ಒಂಟೆಯನ್ನು ಡಿಂಗ್‌ರ ಒಂಟೆಯ ಎದುರು ಇಟ್ಟರು, ಅದೂ ಬದಲಾಯಿತು. ಉಳಿದದ್ದು ಇಬ್ಬರು ರಾಜರು, ಗುಕೇಶ್ ಕಡೆ ಎರಡು ಕಾಲಾಳು, ಡಿಂಗ್ ಕಡೆ ಒಂದು. ಗುಕೇಶ್‌ರ ಕಪ್ಪು ರಾಜ ಇ5ಕ್ಕೆ ಬಂದು ಇ3ರಲ್ಲಿದ್ದ ಡಿಂಗ್‌ರ ಬಿಳಿ ರಾಜನ ಎದುರು ನಿಂತ. ಈಗ ಬೋರ್ಡ್‌ನಲ್ಲಿ ನೋಡಿದೆವಲ್ಲ, ಅದೇ ಅಪೊಸಿಷನ್. ಡಿಂಗ್ ಸೋಲು ಒಪ್ಪಿಕೊಂಡರು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಆ ಕ್ಷಣವನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಎರಡು ಮಾತು ಬೇಗ ಹೇಳುತ್ತೇನೆ. ಕಾಲಾಳು ಅಂಚಿನ ಸಾಲಿನಲ್ಲಿದ್ದು, ಅದು ರಾಣಿಯಾಗಬೇಕಾದ ಮೂಲೆಯನ್ನು ಎದುರಿನ ರಾಜ ತಲುಪಿಬಿಟ್ಟರೆ ಗೆಲ್ಲಲಾಗದು. ಜೊತೆಗೆ ಒಂಟೆ ಇದ್ದರೂ ಅದು ಆ ಮೂಲೆಯ ಬಣ್ಣದ ಮನೆಗಳಲ್ಲಿ ಓಡುವ ಒಂಟೆ ಅಲ್ಲದಿದ್ದರೆ ಆಗಲೂ ಡ್ರಾ. ಎರಡನೆಯದು, ಒಂಟಿಯಾಗಿ ಓಡುವ ಕಾಲಾಳನ್ನು ಎದುರಿನ ರಾಜ ಹಿಡಿಯುತ್ತಾನೋ ಇಲ್ಲವೋ ಎಂಬ ಲೆಕ್ಕ. ಕಾಲಾಳು ಎ4ರಲ್ಲಿ ಇದ್ದರೆ ಎ4, ಎ8, ಇ8, ಇ4 ಸೇರಿಸಿ ಒಂದು ಚೌಕ ಕಲ್ಪಿಸಿಕೊಳ್ಳಿ. ರಾಜ ತನ್ನ ಸರದಿಯಲ್ಲಿ ಚೌಕದೊಳಗೆ ಕಾಲಿಟ್ಟರೆ ಹಿಡಿಯುತ್ತಾನೆ. ನಮ್ಮ ಅಜ್ಜಿಯಂದಿರು ಮಳೆಗಾಲದ ಆಟಿ ತಿಂಗಳಲ್ಲಿ ಚೆನ್ನೆಮಣೆ, ಅಂದರೆ ಅಳಗುಳಿಮಣೆ, ಆಡುವಾಗ ಕಾಯಿ ಎತ್ತುವ ಮೊದಲೇ ಕೊನೆಯ ಕಾಯಿ ಯಾವ ಗುಳಿಗೆ ಬೀಳುತ್ತದೆ ಅಂತ ಕಣ್ಣಲ್ಲೇ ಎಣಿಸುತ್ತಿದ್ದರು. ಇಲ್ಲೂ ಹಾಗೆಯೇ, ಕಾಯಿ ಮುಟ್ಟುವ ಮೊದಲೇ ಎಣಿಕೆ ಮುಗಿದಿರಬೇಕು.

ಈಗ ಇಬ್ಬಿಬ್ಬರಾಗಿ ಕುಳಿತುಕೊಳ್ಳಿ. ಬಿಳಿ ರಾಜ ಇ1, ಬಿಳಿ ಕಾಲಾಳು ಇ2, ಕಪ್ಪು ರಾಜ ಇ8. ಮೊದಲ ನಡೆ ಬಿಳಿಯದು. ಒಮ್ಮೆ ಕಾಲಾಳನ್ನು ಎರಡು ಮನೆ ದೂಡಿ ಶುರು ಮಾಡಿ, ಏನಾಗುತ್ತದೆ ನೋಡಿ. ಆಮೇಲೆ ರಾಜನನ್ನು ಮುಂದೆ ಕಳಿಸಿ ಆಡಿ. ನಂತರ ಬಣ್ಣ ಬದಲಿಸಿಕೊಳ್ಳಿ. ನಾನು ಒಂದೊಂದೇ ಬೋರ್ಡ್ ಹತ್ತಿರ ಬರುತ್ತೇನೆ.